ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ: 1250ರಲ್ಲಿ ಸಿಗುವುದೆಷ್ಟು?

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1250 ಮಿ.ಗ್ರಾಂ ಎಂದಿದೆ, ಅದು ಇಡೀ ಲವಣದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ತೂಕ. ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಶೇ. 40, ಅಂದರೆ ಲೆಕ್ಕಕ್ಕೆ ಬರುವುದು 500 ಮಿ.ಗ್ರಾಂ ಕ್ಯಾಲ್ಸಿಯಂ ಮಾತ್ರ. ಹಾಗೆಂದು ಒಟ್ಟಿಗೆ ಎರಡು ನುಂಗಿ ಲಾಭವಿಲ್ಲ: ಒಂದು ಸಲಕ್ಕೆ 500 ದಾಟಿದರೆ ಹೀರಿಕೆಯ ಪ್ರಮಾಣ ಇಳಿಯುತ್ತದೆ. ಕರಗಲು ಜಠರದ ಆಮ್ಲ ಬೇಕು, ಆದ್ದರಿಂದ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ದಿನವೂ ನುಂಗುವವರಿಗೆ, ಕರಗಲು ಆ ಆಮ್ಲವನ್ನು ನೆಚ್ಚದ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಲವಣ ವಾಸಿ. ಅದರಲ್ಲಿ ಕ್ಯಾಲ್ಸಿಯಂ ಶೇ. 21 ಅಷ್ಟೇ, ಮಾತ್ರೆಗಳ ಸಂಖ್ಯೆ ಹೆಚ್ಚುತ್ತದೆ. ಥೈರಾಕ್ಸಿನ್‌ಗೂ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಕ್ಯಾಲ್ಸಿಯಂ ಮಾತ್ರೆಗೂ 4 ಗಂಟೆ ಅಂತರವಿರಲಿ, ಇಲ್ಲವಾದರೆ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ಹೀರಿಕೆ ತಗ್ಗಿಸುತ್ತದೆ. ಲೇಬಲ್ ಈ ಮಾತನ್ನೇ ಎತ್ತುವುದಿಲ್ಲ, ದೊಡ್ಡ ಲೋಪ. ಗಾತ್ರ ದೊಡ್ಡದು, ನಾಲಿಗೆಗೆ ಸುಣ್ಣದ ರುಚಿ (ವಸ್ತುವೂ ಸುಣ್ಣದಕಲ್ಲಿನದೇ ಬಿಡಿ). ಮಲಬದ್ಧತೆ ಸಾಮಾನ್ಯ. ಆಹಾರದಲ್ಲೇ ಸಾಕಷ್ಟು ಕ್ಯಾಲ್ಸಿಯಂ ಸಿಗುವವರಿಗೆ ಈ ಡಬ್ಬಿ ಬೇಕಿಲ್ಲ.