ಎರಡು ಆಟ ಸೋತುಕೊಟ್ಟವರ ಜೊತೆ ಮೂರನೆಯದಕ್ಕೆ ಇಳಿಯಬೇಡಿ

ಬೆಂಗಳೂರಿನ ಪೂಲ್ ಪಾರ್ಲರುಗಳಿಗೆ ಒಬ್ಬೊಬ್ಬರೇ ಹೋಗುವ ಹುಡುಗರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಕಳೆದ ಶನಿವಾರ ಸಂಜೆ ನಾನು ಒಬ್ಬನೇ ಬ್ರೇಕ್, ಅಂದರೆ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ, ಅಭ್ಯಾಸ ಮಾಡುತ್ತಿದ್ದಾಗ ಒಬ್ಬರು ಬಂದು, 'ಒಂದು ಏಯ್ಟ್ ಬಾಲ್ ಆಡೋಣ್ವಾ ಸಾರ್?' ಅಂದರು. ಸೋತವರು ಟೇಬಲ್ ದುಡ್ಡು ಕೊಡಬೇಕು, ಅಷ್ಟೇ. ಒಪ್ಪಿದೆ. ಎರಡು ಆಟ ಅವರೇ ಸೋತರು, ಸುಲಭದ ಚೆಂಡನ್ನೂ ಪಾಕೆಟ್ಟಿನ ಬಾಯಿಗೆ ತಂದು ಬಿಟ್ಟರು. ಮೂರನೆಯದಕ್ಕೆ, 'ಸುಮ್ನೆ ಆಡಿದ್ರೆ ಮಜಾ ಇರಲ್ಲ, ಸಾವಿರ ಇಡೋಣ' ಎಂದರು. ಇಟ್ಟೆ. ಇಡಬಾರದಿತ್ತು.

ಆಮೇಲೆ ಅವರ ಕೈಯೇ ಬೇರೆಯಾಯಿತು. ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಹೇಳಿದ ಕಡೆ ನಿಲ್ಲತೊಡಗಿತು. ಚೆನ್ನಾಗಿ ಆಡಿ ಗೆದ್ದಿದ್ದರೆ ನಾನು ಕೈ ಕುಲುಕಿ ಬರುತ್ತಿದ್ದೆ. ಆದರೆ ನಾನು ಹೊಡೆದಾಗ ಬಿಳಿ ಚೆಂಡು ಪಾಕೆಟ್ಟಿಗೆ ಬಿದ್ದರೆ ಅದನ್ನು ಬೇಕಾದ ಕಡೆ ಇಟ್ಟುಕೊಂಡರು. ಅಂತರರಾಷ್ಟ್ರೀಯ ನಿಯಮವೂ ಹಾಗೇ ಇದೆ, ಸರಿ. ತಾವು ಹೊಡೆದಾಗ ಬಿದ್ದರೆ ಮಾತ್ರ, 'ಗೆರೆ ಹಿಂದೆ ಇಟ್ಟು ಹೊಡೀಬೇಕು ಸಾರ್, ಇಲ್ಲಿನ ರೂಲ್ ಅದು.' ಅಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರನ್ನು ಕೇಳಿದರೆ ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

ಮನಸ್ಸಿಗೆ ನಾಟಿದ್ದು ಇನ್ನೊಂದು. ಅವರು ಗುರಿ ಹಿಡಿದು ಕ್ಯೂ ಹಿಂದೆ ಮುಂದೆ ಆಡಿಸುವಾಗ ತುದಿ ತಗುಲಿ ಬಿಳಿ ಚೆಂಡು ಬೆರಳಗಲ ಉರುಳಿತು. ಅವರು ಒಂದು ಕ್ಷಣ ಹಾಗೇ ನಿಂತರು. ಮತ್ತೆ ಬಾಗಿ ಹೊಡೆದೇಬಿಟ್ಟರು. 'ಫೌಲ್ ಅಲ್ವಾ?' ಅಂದೆ. 'ಯಾರು ನೋಡಿದ್ದು ಸಾರ್?' ಗೋಡೆ ಪಕ್ಕ ಕೂತಿದ್ದ ಇಬ್ಬರು, 'ತಾಗಿಲ್ಲ, ತಾಗಿಲ್ಲ' ಎಂದರು. ದುಡ್ಡು ತೆಗೆದುಕೊಂಡು ಹೊರಟಾಗ ಮೂವರೂ ಒಂದೇ ಆಟೋ ಹತ್ತಿದರು.

ಪಾರ್ಲರಿನಲ್ಲಿ ರೆಫರಿ ಇರುವುದಿಲ್ಲ. ತಾಗಿದ್ದು ಮೊದಲು ಗೊತ್ತಾಗುವುದು ಹೊಡೆಯುವವನ ಕೈಗೇ. ಪೂಲಿನಂಥದ್ದೇ ಆಟವಾದ ಸ್ನೂಕರಿನ ದೊಡ್ಡ ಪಂದ್ಯಗಳಲ್ಲಿ, ರೆಫರಿ ಕಣ್ಣಿಗೆ ಬೀಳದ ಫೌಲನ್ನೂ ಆಟಗಾರರೇ ಹೇಳಿ ಕುರ್ಚಿಗೆ ಹೋಗಿ ಕೂರುತ್ತಾರೆ. ಬಿಲಿಯರ್ಡ್ಸ್, ಸ್ನೂಕರಿನಲ್ಲಿ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಆಡಿ ಬೆಳೆದ ಊರಿದು. ಇಲ್ಲೇ ಹೀಗಾಯಿತಲ್ಲ ಅಂತ ಸಂಕಟವಾಗುತ್ತದೆ.

ಅದೇ ಆಟದಲ್ಲಿ, ಕೊನೆಗೆ ಹಾಕಿ ಗೆಲ್ಲಬೇಕಾದ ಕಪ್ಪು ಚೆಂಡಿಗೆ ನಾನು ಬಾಗಿದಾಗ ಆ ಆಟಗಾರ ನಾನು ಗುರಿಯಿಟ್ಟ ಪಾಕೆಟ್ಟಿನ ಹಿಂದೆ, ನನ್ನ ಕಣ್ಣಿಗೆ ನೇರವಾಗಿ ನಿಂತು ಕ್ಯೂ ತುದಿಗೆ ಚಾಕ್ ಉಜ್ಜಿದರು. ತಪ್ಪಿತು. ಹಾಗೆ ನಿಂತರೆ ಎದ್ದು ನಿಲ್ಲಿ, ಅವರು ಸರಿಯುವ ತನಕ ಹೊಡೆಯಬೇಡಿ.

ಗೊತ್ತಿಲ್ಲದವರ ಜೊತೆ ಆಡುವುದಾದರೆ ಬ್ರೇಕಿಗೆ ಮೊದಲೇ ಮಾರ್ಕರ್ ಎದುರು ಕೇಳಿಕೊಳ್ಳಿ: ಫೌಲಾದರೆ ಬಿಳಿ ಎಲ್ಲಿಡಬೇಕು, ಕಪ್ಪು ಯಾವ ಪಾಕೆಟ್ಟಿಗೆ ಅಂತ ಮೊದಲೇ ಹೇಳಬೇಕೋ ಬೇಡವೋ, ಬ್ರೇಕಿನಲ್ಲೇ ಕಪ್ಪು ಬಿದ್ದರೆ ಏನು. ದುಡ್ಡಿನ ಮಾತು ಬಂತೋ, ಟೇಬಲ್ ದುಡ್ಡು ಕೊಟ್ಟು ಎದ್ದು ಬನ್ನಿ.