ಬಾಗಿಲಿಗೆ ನೇತುಹಾಕುವ ಭುಜದ ರಾಟೆ: ಒಂಬತ್ತು ತಿಂಗಳು ಎಳೆದ ಮೇಲೆ

ಇದನ್ನು ಆನ್‌ಲೈನಲ್ಲಿ 480 ರೂಪಾಯಿಗೆ ತರಿಸಿದೆ. ಡಬ್ಬ ಬಿಚ್ಚಿದಾಗ ನಮ್ಮನೆಯವರು ಹೇಳಿದ ಮೊದಲ ಮಾತು: "ಬಾವಿ ರಾಟೆಗೆ ಹಗ್ಗ ಹಾಕಿ ಐನೂರು ರೂಪಾಯಿ ಕಿತ್ತಿದ್ದಾರಲ್ಲೇ!" ಸುಳ್ಳೇನಲ್ಲ. ಒಂದು ಪ್ಲಾಸ್ಟಿಕ್ ರಾಟೆ, ಒಂದು ನೈಲಾನ್ ಹಗ್ಗ, ಎರಡು ಹಿಡಿ, ಬಾಗಿಲ ಮೇಲೆ ಸಿಕ್ಕಿಸಲು ಒಂದು ಪಟ್ಟಿ. ಅಷ್ಟೇ. ಆದರೂ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದನೆಯದನ್ನು ಯಾಕೆ ಇಟ್ಟುಕೊಂಡೆ ಅಂತ ಮುಂದೆ ಹೇಳುತ್ತೇನೆ.

ನಾನು ಮೈಸೂರಿನಲ್ಲಿ ಲೇಡೀಸ್ ಟೈಲರ್. ಇಪ್ಪತ್ತಾರು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ವಯಸ್ಸು 53. ಏಳು ವರ್ಷದಿಂದ ಶುಗರ್ ಇದೆ. ಹೋದ ವರ್ಷ ಯುಗಾದಿ ಹೊತ್ತಿಗೆ ಎಡಭುಜ ನೋಯಲು ಶುರುವಾಯಿತು. ಮದುವೆ ಸೀಸನ್ನು, ಕೆಲಸ ಜಾಸ್ತಿ, ಅದಕ್ಕೇ ಇರಬೇಕು ಅಂದುಕೊಂಡೆ. ಜೂನ್ ಬರುವಷ್ಟರಲ್ಲಿ ಎಡಮಗ್ಗುಲಿಗೆ ಮಲಗುವ ಹಾಗಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಭುಜ ಹಿಡಿದುಕೊಂಡು ಕೂರುತ್ತಿದ್ದೆ. ಮೇಲಿನ ಶೆಲ್ಫಿನಿಂದ ದಾರದ ಉಂಡೆ ತೆಗೆಯಲು ಆಗದು. ತಲೆಗೆ ಹೂ ಮುಡಿಯಲು ಆಗದು. ಬ್ರಾ ಹುಕ್ಕು ಹಾಕಲು ಎಡಗೈ ಬೆನ್ನ ಹಿಂದೆ ಹೋಗುತ್ತಲೇ ಇರಲಿಲ್ಲ. ಬೀದಿಯವರಿಗೆಲ್ಲ ಹುಕ್ಕು ಹೊಲಿದು ಕೊಡುವವಳು ನಾನು. ನನ್ನ ಹುಕ್ಕಿಗೆ ಮನೆಯವರನ್ನು ಕೂಗಬೇಕು. ಅವರಿಗೋ ಹುಕ್ಕು ಯಾವುದು, ಕುಣಿಕೆ ಯಾವುದು ಅಂತ ಮೂವತ್ತು ವರ್ಷವಾದರೂ ಗೊತ್ತಿಲ್ಲ.

ಮೊದಲು ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ಹದಿನೈದು ದಿನದ ಪ್ಯಾಕೇಜು, ಆರು ಸಾವಿರ ಮುಂಗಡ. ಹತ್ತು ನಿಮಿಷ ಶಾಖ, ಹತ್ತು ನಿಮಿಷ ಕರೆಂಟು, ಆಮೇಲೆ ತಣ್ಣನೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್. ಇಷ್ಟು ಹೊತ್ತು ಸುಖವಾಗಿಯೇ ಇರುತ್ತಿತ್ತು, ಫ್ಯಾನ್ ಕೆಳಗೆ ಕಣ್ಣು ಎಳೆಯುತ್ತಿತ್ತು. ಕೊನೆಯಲ್ಲಿ ಒಬ್ಬ ಹುಡುಗ ಬಂದು ಕೈ ಹಿಡಿದು ಮೇಲಕ್ಕೆ ಎಳೆಯುತ್ತಿದ್ದ. "ಸ್ವಲ್ಪ ತಡ್ಕೊಳ್ಳಿ ಆಂಟಿ, ಅಂಟ್ಕೊಂಡಿರೋದು ಬಿಡ್ಬೇಕು" ಅನ್ನುತ್ತಿದ್ದ. ನನಗೆ ಕಣ್ಣಲ್ಲಿ ನೀರು. ಆಟೋದಲ್ಲಿ ಮನೆಗೆ ಬರುವಾಗ ಕೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಬರುತ್ತಿದ್ದೆ. ಹದಿನೈದನೇ ದಿನ ಕೈ ಮೊದಲಿಗಿಂತ ಕಡಿಮೆ ಏಳುತ್ತಿತ್ತು. ಆ ಹುಡುಗನದ್ದೇ ತಪ್ಪು ಅನ್ನುವುದಿಲ್ಲ. ಈ ಕಾಯಿಲೆ ಶುರುವಿನ ತಿಂಗಳುಗಳಲ್ಲಿ ತಾನಾಗಿಯೇ ಬಿಗಿಯುತ್ತಾ ಹೋಗುತ್ತದಂತೆ.

ಮೂಳೆ ಡಾಕ್ಟರ್ ನೋಡಿ "ಫ್ರೋಜನ್ ಶೋಲ್ಡರ್" ಅಂದರು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಈ ಹೆಸರು 1934ರಷ್ಟು ಹಳೆಯದು, ಬಾಸ್ಟನ್ನಿನ ಕಾಡ್ಮನ್ ಅನ್ನುವ ಸರ್ಜನ್ ಇಟ್ಟಿದ್ದು. ಜಪಾನಿನಲ್ಲಿ ಇದನ್ನು ಕರೆಯುವುದೇ "ಐವತ್ತರ ಭುಜ" ಅಂತ. ನನಗೆ ಆ ಹೆಸರೇ ಜಾಸ್ತಿ ಹಿಡಿಸಿತು, ವಯಸ್ಸಿನ ಲೆಕ್ಕವೂ ಸರಿಯಾಗಿದೆ ಅಲ್ವಾ. ಶುಗರ್ ಇದ್ದವರಿಗೆ ಇದು ಬರುವುದು ಇಲ್ಲದವರಿಗಿಂತ ಸುಮಾರು ಐದು ಪಟ್ಟು ಜಾಸ್ತಿಯಂತೆ. ಏಳು ವರ್ಷದಲ್ಲಿ ಕಾಲು ನೋಡ್ಕೊಳ್ಳಿ, ಕಣ್ಣು ನೋಡ್ಕೊಳ್ಳಿ ಅಂತ ಎಲ್ಲರೂ ಹೇಳಿದ್ದಾರೆ. ಭುಜದ ಮಾತು ಒಬ್ಬರೂ ಎತ್ತಿರಲಿಲ್ಲ.

ಒಳಗೆ ಏನಾಗಿದೆ ಅಂತ ನನಗೆ ಅರ್ಥ ಮಾಡಿಸಿದ್ದು ನಮ್ಮ ಅಕ್ಕನ ಮಗಳು. ಫಿಸಿಯೋಥೆರಪಿ ಕೊನೆಯ ವರ್ಷ ಓದುತ್ತಿದ್ದಾಳೆ. ಭುಜದ ಕೀಲಿನ ಸುತ್ತ ಒಂದು ತೆಳು ಚೀಲ ಇರುತ್ತದೆ. ಕಂಕುಳ ಕೆಳಗೆ ಅದು ಸಡಿಲವಾಗಿ, ಮಡಿಕೆಯಾಗಿ ಇಳಿಬಿದ್ದಿರುತ್ತದೆ. ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಫ್ರೋಜನ್ ಶೋಲ್ಡರಿನಲ್ಲಿ ಚೀಲ ಊದಿಕೊಂಡು, ದಪ್ಪವಾಗಿ, ಗಾಯದ ಕಲೆಯ ಹಾಗೆ ಬಿರುಸಾಗಿ ಸುಕ್ಕುಗಟ್ಟುತ್ತದೆ. ಅವಳು ಕಾಗದದ ಮೇಲೆ ಚಿತ್ರ ಬರೆಯಲು ಹೊರಟಳು. ನಾನು ಬೇಡ ಅಂದೆ. ಕಂಕುಳಲ್ಲಿ ಬಟ್ಟೆ ಬಿಡದೆ ಕತ್ತರಿಸಿದ ಬ್ಲೌಸ್ ಹಾಕಿಕೊಂಡು ಬಸ್ಸಿನ ಕಂಬಿ ಹಿಡಿಯಲು ಹೋದರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಹುಡುಗ ಕೈ ಎಳೆದ ಕಥೆ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಫೋನಿನಲ್ಲಿ ಒಂದು ಹಳೆಯ ಅಧ್ಯಯನ ತೆಗೆದು ಓದಿದಳು. 2004ರದ್ದು, ನೆದರ್ಲೆಂಡ್ಸ್‌ನ ಗ್ರೋನಿಂಗನ್ ಊರಿನದು. 77 ಜನ ಫ್ರೋಜನ್ ಶೋಲ್ಡರ್‌ನವರು. ಒಂದು ಗುಂಪಿಗೆ ನೋವು ಮೀರಿ ಎಳೆಯುವ ಗಟ್ಟಿ ಫಿಸಿಯೋಥೆರಪಿ. ಇನ್ನೊಂದು ಗುಂಪಿಗೆ ಕಾಯಿಲೆ ಏನು ಅಂತ ವಿವರಿಸಿ ಹೇಳಿ, ನೋವಾಗದಷ್ಟೇ ಕೈ ಆಡಿಸಿಕೊಂಡಿರಿ ಅಂದರು. ಎರಡು ವರ್ಷದ ಕೊನೆಗೆ, ಮೆಲ್ಲಗೆ ಆಡಿಸಿಕೊಂಡವರಲ್ಲಿ 89 ಶೇಕಡಾ ಜನರ ಭುಜ ಹೆಚ್ಚುಕಡಿಮೆ ಮೊದಲಿನಂತಾಗಿತ್ತು. ಎಳೆಸಿಕೊಂಡವರಲ್ಲಿ ಆ ಮಟ್ಟ ಮುಟ್ಟಿದ್ದು 63 ಶೇಕಡಾ. ನಾನು ಎರಡು ಸಲ ಓದಿಸಿದೆ. ಆರು ಸಾವಿರ ನೆನಪಾಯಿತು. ಕರೆಂಟು, ಅಲ್ಟ್ರಾಸೌಂಡಿನ ಕಥೆಯೂ ಅಷ್ಟಕ್ಕಷ್ಟೇ. ಈ ಯಂತ್ರಗಳ ಮೇಲೆ ನಡೆದ 19 ಪ್ರಯೋಗಗಳನ್ನು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ. ಲೇಸರ್‌ನಿಂದ ಸ್ವಲ್ಪ ದಿನದ ಲಾಭ ಕಂಡಿದೆ. ಅಲ್ಟ್ರಾಸೌಂಡ್ ಕೆಲಸ ಮಾಡುತ್ತೆ ಅನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ.

"ಚಿಕ್ಕಮ್ಮ, ನಿನ್ನ ಕೈನ ಇನ್ನೊಬ್ಬರ ಕೈಗೆ ಕೊಡ್ಬೇಡ. ನೀನೇ ಎಳ್ಕೊ" ಅಂದಳು. ಹಾಗೆ ಈ ರಾಟೆ ನಮ್ಮ ಮನೆಗೆ ಬಂತು.

ಇದರ ಗುಣ ಇರುವುದೇ ಅಲ್ಲಿ. ಎಳೆಯುವ ಕೈಯೂ ನನ್ನದೇ, ಎಳೆಸಿಕೊಳ್ಳುವ ಕೈಯೂ ನನ್ನದೇ. ಬಲಗೈ ಕೆಳಗೆ ಎಳೆದರೆ ಎಡಗೈ ಮೇಲೆ ಹೋಗುತ್ತದೆ. ಎಡಗೈ ಸುಮ್ನೆ ಹಿಡಿ ಹಿಡಿದುಕೊಂಡು ಕೂತಿದ್ದರೆ ಸಾಕು. ನೋವು "ಇಷ್ಟು ಸಾಕು" ಅಂದ ಕ್ಷಣ ಬಲಗೈಗೆ ಸುದ್ದಿ ಮುಟ್ಟುತ್ತದೆ, ನಿಲ್ಲುತ್ತದೆ. ಕ್ಲಿನಿಕ್ಕಿನ ಹುಡುಗನಿಗೆ ಆ ಸುದ್ದಿ ನನ್ನ ಬಾಯಿಂದ ಹೋಗಬೇಕಿತ್ತು. ಅಷ್ಟರಲ್ಲಿ ತಡವಾಗಿರುತ್ತಿತ್ತು.

ಇನ್ನು ವಸ್ತುವಿನ ವಿಷಯ. ಹಗ್ಗ ಚೆನ್ನಾಗಿದೆ, ಒಂಬತ್ತು ತಿಂಗಳಿಗೆ ಒಂದು ಎಳೆಯೂ ಬಿಚ್ಚಿಲ್ಲ. ರಾಟೆ ನುಣ್ಣಗೆ ತಿರುಗುತ್ತದೆ. ಹಿಡಿಯ ಮೇಲಿನ ಸ್ಪಂಜು ಮಾತ್ರ ಮೂರೇ ತಿಂಗಳಿಗೆ ಉದುರಲು ಶುರುವಾಯಿತು. ಅದಕ್ಕೆ ಮಿಕ್ಕಿದ ಕಾಟನ್ ಲೈನಿಂಗ್ ಬಟ್ಟೆಯಲ್ಲಿ ಒಂದು ಕವರ್ ಹೊಲಿದೆ. ನಿಮಗೆ ಹೊಲಿಗೆ ಬರದಿದ್ದರೆ ಹಳೆಯ ಕಾಲುಚೀಲ ಸುತ್ತಿ. ಜೊತೆಗೆ ಬಂದ ಚೀಟಿಯಲ್ಲಿ ನಾಲ್ಕು ಚಿತ್ರ ಇದೆ. ನಾಲ್ಕರಲ್ಲೂ ಒಬ್ಬ ಹುಡುಗ ನಗುತ್ತಾ ಎರಡೂ ಕೈ ಪೂರ್ತಿ ಮೇಲಕ್ಕೆ ಎತ್ತಿದ್ದಾನೆ. ಅವನಿಗೆ ರಾಟೆ ಯಾಕೆ ಬೇಕಿತ್ತೋ!

ದೊಡ್ಡ ತೊಂದರೆ ಬಾಗಿಲಿನದು. ಪಟ್ಟಿಯನ್ನು ಬಾಗಿಲ ಮೇಲಂಚಿಗೆ ಹಾಕಿ, ಅದರ ತುದಿಯ ಬಿಲ್ಲೆ ಆಚೆ ಕಡೆ ಇರುವಂತೆ ಬಾಗಿಲು ಮುಚ್ಚಬೇಕು. ನಮ್ಮದು ಹಳೆಯ ಮನೆ, ಹಲಸಿನ ಮರದ ಬಾಗಿಲು. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ, ಕಾಗದ ತೂರಿಸಲೂ ಸಂದಿಲ್ಲ. ಬಚ್ಚಲುಮನೆಯ ಫೈಬರ್ ಬಾಗಿಲಿಗೆ ಹಾಕಿ ನೋಡಿದೆ, ಎಳೆದಾಗೆಲ್ಲ ಬಾಗಿಲೇ ಬಾಗುತ್ತಿತ್ತು. ಕೊನೆಗೆ ಬಡಗಿಯನ್ನು ಕರೆಸಿ ಮರದ ಬಾಗಿಲ ಮೇಲಂಚು ಸ್ವಲ್ಪ ಕೀಸಿಸಿದೆವು. ಅವನಿಗೆ ಮುನ್ನೂರು. ಕೊಳ್ಳುವ ಮುಂಚೆ ನಿಮ್ಮ ಬಾಗಿಲ ಮೇಲೆ ಸಂದು ಎಷ್ಟಿದೆ ನೋಡಿಕೊಳ್ಳಿ. ಇನ್ನೊಂದು ವಿಷಯ ಚೀಟಿಯಲ್ಲಿ ಬರೆದೇ ಇಲ್ಲ. ಎಳೆದರೆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುವ ಕಡೆ ಕುರ್ಚಿ ಹಾಕಿಕೊಳ್ಳಬೇಕು. ನಾನು ಮೊದಲ ವಾರ ಉಲ್ಟಾ ಕೂತಿದ್ದೆ. ಬಾಗಿಲು ತೆರೆದುಕೊಂಡು, ಬಿಲ್ಲೆ ಜಾರಿ, ರಾಟೆ ಸಮೇತ ಎಲ್ಲ ತಲೆಯ ಮೇಲೆ ಬಿತ್ತು. ಸದ್ಯ ಪ್ಲಾಸ್ಟಿಕ್ಕು. ಇಷ್ಟು ಮುಖ್ಯವಾದ ಮಾತನ್ನು ಚೀಟಿಯಲ್ಲಿ ಹಾಕದ್ದಕ್ಕೇ ಅರ್ಧ ಸ್ಟಾರ್ ಕತ್ತರಿಸಿದ್ದೇನೆ.

ಉಳಿದ ಅರ್ಧ ಸ್ಟಾರ್ ಇದಕ್ಕೆ: ರಾಟೆ ಕೈಯನ್ನು ಮುಂದೆ ಮತ್ತು ಪಕ್ಕಕ್ಕೆ ಎತ್ತುತ್ತದೆ, ಹೊರಕ್ಕೆ ತಿರುಗಿಸುವುದಿಲ್ಲ. ಫ್ರೋಜನ್ ಶೋಲ್ಡರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಟ್ಟಿಹೋಗುವುದು ಆ ಹೊರಕ್ಕೆ ತಿರುಗುವ ಚಲನೆಯೇ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತೆರೆಯಿರಿ. ನನ್ನದು ಮುಂದಕ್ಕೆ ನೇರವಾಗಿ ನಿಂತುಬಿಟ್ಟಿತ್ತು, ತುಕ್ಕು ಹಿಡಿದ ಗೇಟಿನ ಹಾಗೆ. ಇದಕ್ಕೆ ಹೊಸದೇನೂ ಕೊಳ್ಳಬೇಡಿ. ನಾನು ಅಂಗಡಿಯ ಮೀಟರ್ ಕೋಲು ಬಳಸಿದೆ. ಎರಡೂ ಮೊಣಕೈ ಪಕ್ಕೆಗೆ, ಎಡಗಡೆ ಕಂಕುಳಲ್ಲಿ ಮಡಚಿದ ಟವೆಲ್, ಕೋಲಿನ ಎರಡು ತುದಿ ಎರಡು ಕೈಯಲ್ಲಿ. ಬಲಗೈಯಿಂದ ಕೋಲು ತಳ್ಳಿದರೆ ಎಡಗೈ ಹೊರಕ್ಕೆ ತೆರೆಯುತ್ತದೆ. ಇಲ್ಲೂ ಅದೇ ನ್ಯಾಯ, ತಳ್ಳುವುದು ನಾನೇ. ಪೊರಕೆಯ ಹಿಡಿಯೂ ನಡೆಯುತ್ತದೆ.

ಲೆಕ್ಕ ಇಡಲು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆಯ ಹಾಗೆ ಮೇಲೆ ನಡೆಸಿ, ಎಲ್ಲಿ ನಿಂತಿತೋ ಅಲ್ಲಿ ಬಟ್ಟೆ ಮೇಲೆ ಗೆರೆ ಹಾಕುವ ಚಾಕಿನಲ್ಲಿ ಗುರುತು. ಆಮೇಲೆ ಟೇಪು. ಮೊದಲ ದಿನ 52 ಇಂಚು, ಅಂದರೆ ಭುಜದ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಬಲಗೈ 75. ದಿನಕ್ಕೆ ಮೂರು ಸಲ, ಸಲಕ್ಕೆ ಐದು ನಿಮಿಷ ರಾಟೆ. ಮೊದಲ ಎರಡು ತಿಂಗಳು ಚಾಕಿನ ಗೆರೆ ಅಲ್ಲಲ್ಲೇ ಒಂದರ ಮೇಲೊಂದು ಬಿದ್ದು ಗೋಡೆ ಬೆಳ್ಳಗಾಯಿತು. ಬಟ್ಟೆ ಕೊಡಲು ಬಂದವರು "ಏನಿದು, ಮಗುವಿನ ಎತ್ತರ ಅಳೀತಿದ್ದೀರಾ?" ಅಂತ ಕೇಳುತ್ತಿದ್ದರು. ಮೂರನೇ ತಿಂಗಳು 58. ದಸರಾ ಹೊತ್ತಿಗೆ ಕೆಲಸದ ಒತ್ತಡದಲ್ಲಿ ಎರಡು ವಾರ ಬಿಟ್ಟೆ, ಒಂದಿಂಚು ಇಳಿಯಿತು. ಈಗ 71.

ಎಲ್ಲ ಪುಣ್ಯವೂ ರಾಟೆಯದೇ ಅಂದರೆ ಸುಳ್ಳು ರಿವ್ಯೂ ಆಗುತ್ತದೆ. ರಾಟೆ ಶುರು ಮಾಡುವ ವಾರವೇ ಡಾಕ್ಟರ್ ಕೀಲಿನೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು. ಮೂರು ದಿನ ಶುಗರ್ 280 ದಾಟಿತು, ಹೆದರಿಹೋದೆ. ಶುಗರ್ ಇದ್ದವರು ಇದನ್ನು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿಕೊಳ್ಳಿ. ಆದರೆ ರಾತ್ರಿ ನೋವು ವಾರದಲ್ಲಿ ಇಳಿಯಿತು, ನಾನು ನಿದ್ದೆ ಮಾಡಿದೆ. ನೋವು ಹೊಸದಾಗಿ ಶುರುವಾದವರಿಗೆ ಮೊದಲ ಕೆಲವು ತಿಂಗಳು ಈ ಇಂಜೆಕ್ಷನ್ ಮಿಕ್ಕ ಚಿಕಿತ್ಸೆಗಳಿಗಿಂತ ಹೆಚ್ಚು ಲಾಭ ಕೊಡುತ್ತದೆ ಅಂತ 2020ರಲ್ಲಿ 65 ಅಧ್ಯಯನಗಳನ್ನು ಸೇರಿಸಿ ನೋಡಿದವರು ಬರೆದಿದ್ದಾರೆ. ಮನೆಯಲ್ಲಿ ವ್ಯಾಯಾಮವನ್ನೂ ಜೊತೆಗೆ ಸೇರಿಸಿಕೊಳ್ಳಿ ಅಂತಲೂ ಅವರದೇ ಮಾತು.

ನಡುವೆ ಒಬ್ಬರು ಗಿರಾಕಿ "ಆಪರೇಷನ್ ಮಾಡಿಸ್ಕೊಂಡ್ಬಿಡಿ, ಒಂದೇ ದಿನದಲ್ಲಿ ಬಿಡುತ್ತೆ" ಅಂದರು. ಆಸೆಯಾಯಿತು. ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳು ಇಂಗ್ಲೆಂಡ್ ಕಡೆಯ ದೊಡ್ಡ ಪ್ರಯೋಗದ ಬಗ್ಗೆ ಹೇಳಿದಳು. ಹೆಸರು ಯುಕೆ ಫ್ರಾಸ್ಟ್, 2020ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 35 ಆಸ್ಪತ್ರೆ, 503 ಜನ. ಕೆಲವರಿಗೆ ಅನಸ್ತೇಶಿಯಾ ಕೊಟ್ಟು ಕೈ ತಿರುಗಿಸಿ ಬಿಡಿಸಿದರು. ಕೆಲವರಿಗೆ ದುರ್ಬೀನು ಹಾಕಿ ಆ ಚೀಲವನ್ನೇ ಕತ್ತರಿಸಿದರು. ಕೆಲವರಿಗೆ ಇಂಜೆಕ್ಷನ್ ಜೊತೆ 12 ಸಲದವರೆಗೆ ಫಿಸಿಯೋ, ಅಂದರೆ ಹೆಚ್ಚುಕಡಿಮೆ ನನ್ನ ದಾರಿ. ವರ್ಷದ ಕೊನೆಗೆ ಮೂರೂ ಗುಂಪಿನವರು ಚೆನ್ನಾಗಿಯೇ ಇದ್ದರು. ಯಾವುದೂ ಇನ್ನೊಂದಕ್ಕಿಂತ ಗಮನಕ್ಕೆ ಬರುವಷ್ಟು ಮೇಲಾಗಿರಲಿಲ್ಲ. ದೊಡ್ಡ ತೊಡಕು ಆದದ್ದು ಒಟ್ಟು ಹತ್ತು, ಅದರಲ್ಲಿ ಎಂಟು ಕತ್ತರಿಸಿಕೊಂಡವರಲ್ಲಿ, ಫಿಸಿಯೋದವರಲ್ಲಿ ಒಂದೂ ಇಲ್ಲ. ಫಿಸಿಯೋದವರಲ್ಲಿ ಕೆಲವರಿಗೆ ಮುಂದೆ ಬೇರೆ ಚಿಕಿತ್ಸೆಯೂ ಬೇಕಾಯಿತು ಅನ್ನುವುದನ್ನೂ ಅವಳು ಮುಚ್ಚಿಡಲಿಲ್ಲ. ನಾನು ಗಿರಾಕಿಗೆ ಅವರ ಬ್ಲೌಸ್ ಕೊಟ್ಟು ಕಳಿಸಿದೆ. ಆಪರೇಷನ್ ಮಾತು ಎತ್ತಲಿಲ್ಲ.

ಸುಮ್ನೆ ಬಿಟ್ಟರೂ ತಾನಾಗಿ ಹೋಗುತ್ತೆ ಅನ್ನುವವರೂ ಇದ್ದಾರೆ. ನಮ್ಮತ್ತೆ ಹಾಗೇ ಹೇಳುತ್ತಾರೆ. ಬಹಳ ಮಂದಿಗೆ ಒಂದರಿಂದ ಮೂರು ವರ್ಷದಲ್ಲಿ ಸಡಿಲವಾಗುವುದು ನಿಜ. ಆದರೆ 1992ರ ಒಂದು ಅಧ್ಯಯನದಲ್ಲಿ 62 ಜನರನ್ನು ಸರಾಸರಿ ಏಳು ವರ್ಷದ ನಂತರ ಕರೆದು ನೋಡಿದಾಗ, ಅರ್ಧದಷ್ಟು ಜನಕ್ಕೆ ಇನ್ನೂ ಸ್ವಲ್ಪ ನೋವೋ ಬಿಗಿತವೋ ಉಳಿದಿತ್ತು. ಹಾಗಾಗಿ ನಾನು ರಾಟೆ ಬಿಚ್ಚಿಟ್ಟಿಲ್ಲ. ಈಗ ದಿನಕ್ಕೆ ಒಂದೇ ಸಲ, ಸಂಜೆ ಟೀವಿ ಮುಂದೆ.

ಯಾರು ಕೊಳ್ಳಬಾರದು? ಬಿದ್ದು ಭುಜಕ್ಕೆ ಪೆಟ್ಟಾಗಿ ಕೈ ಏಳದವರು, ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕೈ ಏಳದಿರುವುದೆಲ್ಲ ಫ್ರೋಜನ್ ಶೋಲ್ಡರ್ ಅಲ್ಲ. ನನ್ನದನ್ನೂ ಡಾಕ್ಟರ್ ನೋಡಿ ಹೆಸರು ಹೇಳಿದ ಮೇಲೇ ಕೊಂಡಿದ್ದು. ಬಿಳಿ ಹಗ್ಗದ್ದು ತರಿಸಬೇಡಿ, ತಿಂಗಳಲ್ಲಿ ಕಪ್ಪಾಗುತ್ತದೆ.

ಹುಕ್ಕಿನ ಕಥೆ ಏನಾಯಿತು ಅಂತ ಕೇಳುತ್ತೀರಿ. ಬೆನ್ನ ಹಿಂದೆ ಎಡಗೈ ಇನ್ನೂ ಎರಡು ಇಂಚು ಗಿಡ್ಡ. ಸದ್ಯಕ್ಕೆ ನನ್ನ ಬ್ರಾಗಳ ಹುಕ್ಕನ್ನೆಲ್ಲ ಬಿಚ್ಚಿ ಮುಂದಕ್ಕೆ ಹೊಲಿದುಕೊಂಡಿದ್ದೇನೆ. ಅದನ್ನು ನೋಡಿ ಬೀದಿಯ ಇನ್ನಿಬ್ಬರು ಹೆಂಗಸರು ತಮ್ಮದನ್ನೂ ತಂದುಕೊಟ್ಟಿದ್ದಾರೆ. ಒಬ್ಬರಿಗೆ ಬಲಭುಜ, ಇನ್ನೊಬ್ಬರಿಗೆ ನನ್ನ ಹಾಗೇ ಎಡಭುಜ. ಆಲ್ಟರೇಷನ್‌ಗೆ ಮೂವತ್ತು ರೂಪಾಯಿ ತಗೊಳ್ಳುತ್ತಿದ್ದೇನೆ.