ಕುದುರೆ ಸಾಕುವವರೇ, ದನದ ಲೆಕ್ಕ ಹಾಕಬೇಡಿ

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕುದುರೆಗೆ ಹೊಟ್ಟೆನೋವು ಬಂದಾಗ ಯಾರಾದರೂ ಗೊಟ್ಟ (ದನಕ್ಕೆ ಔಷಧ ಕುಡಿಸುವ ಕೊಳವೆ) ಹಿಡಿದುಕೊಂಡು ಎಣ್ಣೆ ಕುಡಿಸಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಮುಂದಿನದ್ದನ್ನು ಓದದಿದ್ದರೂ ಪರವಾಗಿಲ್ಲ, ಇದೊಂದು ನೆನಪಿರಲಿ. ನಾನು ನಿಲ್ಲಿಸಲಿಲ್ಲ. ಗೊಟ್ಟ ಹುಡುಕಿ ತಂದುಕೊಟ್ಟವನೇ ನಾನು.

ನಮ್ಮದು ಮೈಸೂರು. ಅಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಟಾಂಗಾ ಹೊಡೆದವರು. ಅವರು ಹೋದಮೇಲೆ ಟಾಂಗಾ, ಚಂದ್ರಿ ಅನ್ನೋ ಹೆಣ್ಣು ಕುದುರೆ, ಜೊತೆಗೆ ಆಸ್ಪತ್ರೆ ಸಾಲ, ಮೂರೂ ನನ್ನ ಪಾಲಿಗೆ ಬಂದವು. ದಸರಾ ಹತ್ತು ದಿನ ಚೆನ್ನಾಗಿ ದುಡ್ಡು ಓಡಾಡುತ್ತೆ. ಉಳಿದ ದಿನ ಅರಮನೆ ಸುತ್ತಮುತ್ತ ನಿಂತು ಪ್ರವಾಸಿಗರನ್ನು ಕಾಯುವುದು. ಒಂದು ದಿನ ಐನೂರು, ಇನ್ನೊಂದು ದಿನ ಸೊನ್ನೆ. ಗಿರಾಕಿ ಬರಲಿ ಬಿಡಲಿ, ಚಂದ್ರಿಯ ಹೊಟ್ಟೆಗೆ ಹಾಕಲೇಬೇಕು.

ಅಪ್ಪ ಏನು ಹಾಕುತ್ತಿದ್ದರು ಅನ್ನೋದು ನನಗೆ ಗೊತ್ತಿತ್ತು. ಗರಿಕೆ ಹುಲ್ಲು ತಂದು, ಮಣ್ಣು ಕೊಡವಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಸ್ವಲ್ಪಸ್ವಲ್ಪವೇ ಹಾಕುವುದು. ಬಂಡೀಪಾಳ್ಯದ ಮಾರುಕಟ್ಟೆಯಿಂದ ಹುರುಳಿ ತಂದು, ರಾತ್ರಿ ನೆನೆಸಿ, ಬೇಯಿಸಿ, ಎರಡು ಹೊತ್ತು ಕೊಡುವುದು. ಯಾಕೆ ಹೀಗೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕೇಳಿದ್ದರೆ ಈ ಬರಹವೇ ಬೇಕಿರಲಿಲ್ಲ.

ಶುರುವಾದದ್ದು ಹೀಗೆ. ನವೆಂಬರ್ ಕೊನೆಯ ಹೊತ್ತಿಗೆ ಚಂದ್ರಿ ಸೊರಗತೊಡಗಿದಳು. ಲದ್ದಿಯಲ್ಲಿ ಹುರುಳಿಕಾಳು ಇಡೀಕಾಳಾಗಿಯೇ ಬೀಳುತ್ತಿತ್ತು. ತಿನ್ನುವಾಗ ಅರ್ಧ ಅಗಿದ ಹುಲ್ಲಿನ ಉಂಡೆ ಬಾಯಿಂದ ಉದುರುತ್ತಿತ್ತು. ವಾರಕ್ಕೊಮ್ಮೆ ಹೊಟ್ಟೆ ಉಬ್ಬರ. ನಮ್ಮ ಬೀದಿಯಲ್ಲಿ ಹಾಲು ಕರೆಯುವವರು ನಾಲ್ಕು ಮನೆಯವರಿದ್ದಾರೆ, ಕುದುರೆ ಸಾಕಿದವನು ನಾನೊಬ್ಬನೇ. ಅವರೆಲ್ಲ ನೋಡಿ, "ಹುರುಳಿ ಉಷ್ಣ ಮಾರಾಯ, ಅದನ್ನ ನಿಲ್ಸು" ಅಂದರು. ಹುರುಳಿ ನಿಲ್ಲಿಸಿದರೆ ದುಡ್ಡೂ ಉಳಿಯುತ್ತೆ, ಅಲ್ವಾ? ನನಗೂ ಅದೇ ಬೇಕಿತ್ತು.

ಹುರುಳಿ ನಿಂತಿತು. ಅದರ ಜಾಗಕ್ಕೆ ದನದ ಫೀಡಿನ ಮೂಟೆ ಬಂತು. ಗರಿಕೆ ಕಟ್ಟಿನ ರೇಟು ಏರಿತ್ತು. ಮಂಡ್ಯ, ಶ್ರೀರಂಗಪಟ್ಟಣದ ಕಡೆ ಆಗ ತಾನೇ ಭತ್ತದ ಕುಯ್ಲು ಮುಗಿಯುತ್ತಿತ್ತು, ಹುಲ್ಲು ಅಗ್ಗ. ಒಂದು ಆಟೋ ತುಂಬ ಭತ್ತದ ಹುಲ್ಲು ತರಿಸಿದೆ. ಗೊತ್ತಿರುವ ಒಂದು ಬೇಕರಿಯಿಂದ ಉಳಿದ ಬ್ರೆಡ್ಡು, ಬನ್ನಿನ ಚೀಲ ಪುಕ್ಕಟೆ ಸಿಗುತ್ತಿತ್ತು. ಅದನ್ನೂ ಹಾಕತೊಡಗಿದೆ. ಎಲ್ಲವೂ ಒಂದೇ ವಾರದಲ್ಲಿ ಬದಲು. ದಿನಕ್ಕೆ ಎಪ್ಪತ್ತು ರೂಪಾಯಿ ಉಳಿಯುತ್ತಿದೆ ಅಂತ ಹೆಂಡತಿಗೆ ಲೆಕ್ಕ ಬರೆದು ತೋರಿಸಿದ್ದೆ.

ಎರಡೂವರೆ ತಿಂಗಳು ಹೀಗೆ ನಡೆಯಿತು. ಹೊಟ್ಟೆನೋವು ಎರಡು ಸಲ ಬಂದು ಹೋಯಿತು. ಓಮ, ಇಂಗು, ಬೆಲ್ಲ ಅಂತ ಏನೋ ಕೊಟ್ಟೆ, ಕಡಿಮೆಯಾಯಿತು. ಅದು ಕೊಟ್ಟಿದ್ದಕ್ಕೆ ಕಡಿಮೆಯಾಯಿತೋ ತಾನಾಗೇ ಆಯಿತೋ, ದೇವರಿಗೇ ಗೊತ್ತು.

ಫೆಬ್ರವರಿಯಲ್ಲಿ ಒಂದು ಮದುವೆ ಮೆರವಣಿಗೆಗೆ ಹೋಗಿದ್ದೆವು. ರಾತ್ರಿ ಹತ್ತಕ್ಕೆ ಮನೆಗೆ ಬಂದಾಗ ಹುಲ್ಲು ಖಾಲಿ. ಬ್ರೆಡ್ಡಿನ ಚೀಲ ಇತ್ತು. ಹಸಿದಿದ್ದಾಳೆ, ಪಾಪ, ಅಂತ ಮೂರು ನಾಲ್ಕು ಕಿಲೋದಷ್ಟು ಒಟ್ಟಿಗೆ ಸುರಿದೆ. ಗಬಗಬ ತಿಂದಳು. ನಾನು ಖುಷಿಯಾಗಿ ಮಲಗಿದೆ.

ಎರಡು ಗಂಟೆಗೆ ಸದ್ದಿಗೆ ಎಚ್ಚರವಾಯಿತು. ಮುಂಗಾಲಲ್ಲಿ ನೆಲ ಕೆರೆಯುತ್ತಿದ್ದಳು. ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತಿದ್ದಳು. ಮಲಗುವುದು, ಏಳುವುದು, ಮತ್ತೆ ಮಲಗಿ ಹೊರಳುವುದು. ಮೈಯೆಲ್ಲ ಬೆವರು. ಲದ್ದಿ ಇಲ್ಲ. ಹೊಟ್ಟೆಗೆ ಕಿವಿ ಇಟ್ಟರೆ, ಯಾವಾಗಲೂ ಗುಡುಗುಡು ಅನ್ನುವುದು ಸುಮ್ಮನಾಗಿತ್ತು. ಇಬ್ಬರು ಡಾಕ್ಟರಿಗೆ ಫೋನು ಮಾಡಿದೆ, ಆ ಹೊತ್ತಲ್ಲಿ ಯಾರೂ ಎತ್ತಲಿಲ್ಲ.

ಪಕ್ಕದ ಮನೆಯ ಯಜಮಾನರು ಎದ್ದು ಬಂದರು. ನಲವತ್ತು ವರ್ಷ ಹಸು ಸಾಕಿದವರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. "ಗೊಟ್ಟ ಇದ್ರೆ ತಗೊಂಡ್ಬಾ ಮಗಾ, ಎಣ್ಣೆ ಬಿದ್ರೆ ಎಲ್ಲ ಸಲೀಸಾಗಿ ಹೋಗುತ್ತೆ" ಅಂದರು. ನಾನು ಚಂದ್ರಿಯ ತಲೆ ಮೇಲೆತ್ತಿ ಹಿಡಿದೆ. ಅವರು ಬಾಯಿಯ ಪಕ್ಕದಿಂದ ಗೊಟ್ಟ ತೂರಿಸಿ ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ ಸುರಿದರು. ಎರಡು ಗುಟುಕು ನುಂಗಿದಳು. ಮೂರನೆಯದಕ್ಕೆ ಕೊಸರಿದಳು. ಮೂಗಿನಿಂದ ಎಣ್ಣೆ ಬಂತು. ಆಮೇಲೆ ಕೆಮ್ಮು.

ಬೆಳಿಗ್ಗೆ ಕುದುರೆ ನೋಡುವ ಡಾಕ್ಟರು ಬಂದರು. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದರು. ಸುಮ್ನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44ರ ತನಕ ಇರಬೇಕು. ಇವಳಿಗೆ 64. ಮೂಗಿನಿಂದ ಹೊಟ್ಟೆಯವರೆಗೆ ಉದ್ದದ ನಳಿಕೆ ಇಳಿಸಿದರು. ಸೇರಿಕೊಂಡಿದ್ದ ಗಾಳಿ, ಹುಳಿ ನೀರು ಭರ್ರನೆ ಬಂತು. ಅದಾದ ಮೇಲೆ ಮೂಗಿನಲ್ಲಿ ಎಣ್ಣೆಯ ಜಿಡ್ಡು ನೋಡಿ, "ಇದೇನಪ್ಪಾ?" ಅಂದರು. ಹೇಳಿದೆ. ಅವರು ಬೈಯಲಿಲ್ಲ. "ಇದು ಹಸು ಅಂದ್ಕೊಂಡ್ಯಾ?" ಅಂತ ಕೇಳಿದರು ಅಷ್ಟೇ.

ಹೊಟ್ಟೆ ಎರಡು ದಿನದಲ್ಲಿ ಸರಿಹೋಯಿತು. ಶ್ವಾಸಕೋಶಕ್ಕೆ ಇಳಿದಿದ್ದ ಎಣ್ಣೆಯೇ ಅವಳನ್ನು ಸಾವಿನ ಬಾಗಿಲ ತನಕ ಕರೆದುಕೊಂಡು ಹೋದದ್ದು. ನ್ಯುಮೋನಿಯಾ. ಜ್ವರ, ಮೂಗಲ್ಲಿ ಕೀವು, ಹದಿನೈದು ದಿನ ಇಂಜೆಕ್ಷನ್. ಆಮೇಲೂ ಗಾಡಿಗೆ ಕಟ್ಟುವಂತಿರಲಿಲ್ಲ. ಒಟ್ಟು ನಲವತ್ತು ದಿನ ಟಾಂಗಾ ಮೂಲೆಗೆ. ಖರ್ಚು 19,000 ಚಿಲ್ಲರೆ. ಎಪ್ಪತ್ತು ರೂಪಾಯಿಯಂತೆ ಎಪ್ಪತ್ತೈದು ದಿನಕ್ಕೆ ನಾನು ಉಳಿಸಿದ್ದು 5,250. ಆ ಲೆಕ್ಕದ ಚೀಟಿಯನ್ನು ಹೆಂಡತಿ ಇನ್ನೂ ಇಟ್ಟುಕೊಂಡಿದ್ದಾಳೆ. ಏನೂ ಅನ್ನಲ್ಲ, ಇಟ್ಟುಕೊಂಡಿದ್ದಾಳೆ ಅಷ್ಟೇ.

ಆ ಹದಿನೈದು ದಿನ ಡಾಕ್ಟರು ಬಂದಾಗೆಲ್ಲ ಒಂದೊಂದು ಹೇಳುತ್ತಿದ್ದರು. ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ.

ಹಸು ಮೆಲುಕು ಹಾಕುತ್ತೆ. ಅದರ ಮೊದಲ ಹೊಟ್ಟೆಯಲ್ಲಿ ನೂರು ಲೀಟರಿಗೂ ಮೇಲೆ ಹಿಡಿಯುತ್ತೆ. ಗಟ್ಟಿ ಹುಲ್ಲನ್ನೂ ಮತ್ತೆ ಬಾಯಿಗೆ ತಂದು ಅರೆಯುತ್ತೆ. ಕುದುರೆಗೆ ಎರಡನೇ ಅವಕಾಶ ಇಲ್ಲ. ಒಂದೇ ಸಲ ಅಗಿಯಬೇಕು, ಅದಕ್ಕೇ ಹಲ್ಲು ಮುಖ್ಯ. ಹೊಟ್ಟೆ ಚಿಕ್ಕದು, ಚಂದ್ರಿಯಂಥದ್ದಕ್ಕೆ ಹತ್ತು ಲೀಟರ್ ಆಸುಪಾಸು. ಇನ್ನೊಂದು ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು. ಕುದುರೆ ವಾಂತಿ ಮಾಡಲಾರದು. ಅನ್ನನಾಳ ಹೊಟ್ಟೆ ಸೇರುವ ಕಡೆಯ ಬಿಗಿ ಅಷ್ಟು ಗಟ್ಟಿ. ಒಳಗೆ ಹೋದದ್ದು ಹಿಂದೆ ಬರುವ ದಾರಿಯೇ ಇಲ್ಲ. ಹೊಟ್ಟೆ ಉಬ್ಬಿದರೆ ಒಡೆಯಬಹುದು.

ಹುಲ್ಲು ನಿಜವಾಗಿ ಕರಗುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ. ಅವು ದಿನಾ ಬರುವ ಮೇವಿಗೆ ಒಗ್ಗಿಕೊಂಡಿರುತ್ತವೆ. ಮೈದಾ ಬ್ರೆಡ್ಡು ಒಟ್ಟಿಗೆ ಸುರಿದರೆ ಅದರ ಪಿಷ್ಟ ಸಣ್ಣ ಕರುಳಲ್ಲಿ ಪೂರ್ತಿ ಕರಗದೆ ಅಲ್ಲಿಗೆ ನುಗ್ಗುತ್ತೆ. ಹುಳಿಯಾಗುತ್ತೆ, ಗ್ಯಾಸ್ ತುಂಬುತ್ತೆ. ಹೊಟ್ಟೆನೋವು ಒಂದೇ ಅಲ್ಲ, ಗೊರಸಿನ ಒಳಗೆ ಊತ ಬಂದು ಕುದುರೆ ಶಾಶ್ವತವಾಗಿ ಕುಂಟಾಗಲೂಬಹುದು. ಮೂರು ದಿನ ನಾನು ಗೊರಸು ಮುಟ್ಟಿ ಮುಟ್ಟಿ ನೋಡುತ್ತಿದ್ದೆ, ಬಿಸಿ ಇದೆಯಾ ಅಂತ. ಆ ಕಂಟಕ ಒಂದು ತಪ್ಪಿತು. ಬ್ರೆಡ್ಡಿಗೆ ಬೂಷ್ಟು ಹಿಡಿದಿದ್ದರಂತೂ ಇನ್ನೂ ಕೆಟ್ಟದ್ದು.

ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ನಾರು ಗಟ್ಟಿ. ಹಲ್ಲು ಸರಿ ಇಲ್ಲದ ಕುದುರೆ ಅದನ್ನು ಸರಿಯಾಗಿ ಅಗಿಯದೆ ನುಂಗಿದರೆ, ನೀರೂ ಕಡಿಮೆ ಕುಡಿದರೆ, ಕರುಳಲ್ಲಿ ಗಟ್ಟಿಯಾಗಿ ಕೂರುತ್ತೆ. ಮೊದಲ ಎರಡು ಸಲದ ಹೊಟ್ಟೆನೋವು ಬಹುಶಃ ಅದೇ.

ದನದ ಫೀಡಿನ ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಕೆಲವು ಕೋಳಿ ಮತ್ತು ದನದ ಮೇವಿನಲ್ಲಿ ಮೊನೆನ್ಸಿನ್ ಅನ್ನೋ ಔಷಧ ಬೆರೆಸಿರುತ್ತಾರೆ. ಅವುಗಳಿಗೆ ಅದರಿಂದ ಒಳ್ಳೆಯದೇ. ಕುದುರೆಯ ಹೃದಯಕ್ಕೆ ಸ್ವಲ್ಪವೇ ಹೋದರೂ ವಿಷ. ನಾನು ತಂದ ಮೂಟೆಯಲ್ಲಿ ಅದು ಇರಲಿಲ್ಲ. ಇದ್ದಿದ್ದರೆ? ಮೂಟೆಯ ಮೇಲೆ ಬರೆದಿದ್ದನ್ನು ನಾನು ಓದಿಯೇ ಇರಲಿಲ್ಲ.

ಅಂದಹಾಗೆ, ಗೋಧಿ ಬೂಸಾ ಕುದುರೆ ಹೊಟ್ಟೆಗೆ ತಂಪು ಅಂತ ಎಲ್ಲರೂ ಹೇಳುತ್ತಾರೆ. ಯಾವಾಗಲೋ ಒಂದು ಹಿಡಿ ಪರವಾಗಿಲ್ಲ. ಅದನ್ನೇ ದಿನವೂ ಬಕೆಟ್ಟುಗಟ್ಟಲೆ ಹಾಕಿದರೆ ಮೂಳೆ ಸವೆಯುತ್ತೆ. ಅದರಲ್ಲಿ ರಂಜಕ ಎಷ್ಟೋ ಪಟ್ಟು ಜಾಸ್ತಿ, ಸುಣ್ಣದ ಅಂಶ ಕಡಿಮೆ. ಹಸುವಿಗೆ ಬೆಳೆಯುವ ನೇಪಿಯರ್ ಹುಲ್ಲು ಒಂದನ್ನೇ ನೆಚ್ಚಿಕೊಂಡರೂ ಇದೇ ಕತೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತೆ, ಕುದುರೆಯ ಮೈಗೆ ಹತ್ತುವುದಿಲ್ಲ.

ಇಷ್ಟಕ್ಕೆಲ್ಲ ಮೂಲ ಏನಾಗಿತ್ತು ಗೊತ್ತಾ? ಹಲ್ಲು. ದವಡೆ ಹಲ್ಲಿನ ಅಂಚು ಚೂರಿಯಂತೆ ಬೆಳೆದು ಕೆನ್ನೆಯ ಒಳಭಾಗ ಗಾಯವಾಗಿತ್ತು. ಡಾಕ್ಟರು ಅರದಿಂದ ಉಜ್ಜಿ ಸಮ ಮಾಡಿದರು. ಮುಕ್ಕಾಲು ಗಂಟೆಯ ಕೆಲಸ. ಅದಕ್ಕೆ ಕೊಟ್ಟ ದುಡ್ಡು ಒಂದು ತಿಂಗಳ ಹುರುಳಿಯ ದುಡ್ಡಿಗಿಂತ ಕಡಿಮೆ. ಲದ್ದಿಯಲ್ಲಿ ಇಡೀ ಕಾಳು ಬಿದ್ದದ್ದು ಉಷ್ಣಕ್ಕಲ್ಲ, ಅವಳಿಗೆ ಅಗಿಯಲು ಆಗುತ್ತಿರಲಿಲ್ಲ. ಹಾಗಾಗಿ ಮೇವು ಬದಲಾಯಿಸುವ ಮೊದಲು ಬಾಯಿ ತೆರೆಸಿ ನೋಡಿಸಿ. ಜಂತಿನ ಔಷಧವನ್ನೂ ತೂಕ ನೋಡಿಯೇ ಕೊಡಿ, ಅಂದಾಜಿಗೆ ಬೇಡ.

ತೂಕ ನೋಡಲು ತಕ್ಕಡಿ ಬೇಕಿಲ್ಲ. ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗೆ ಉದ್ದ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಚಂದ್ರಿಗೆ ಸುತ್ತಳತೆ 150, ಉದ್ದ 145. ಹೆಚ್ಚುಕಡಿಮೆ 275 ಕಿಲೋ ಬಂತು. ನೂರು ಕಿಲೋ ತೂಕಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಒಣ ಮೇವು ಬೇಕು. ಅಂದರೆ ಇವಳಿಗೆ ನಾಲ್ಕರಿಂದ ಐದೂವರೆ ಕಿಲೋ. ಹಸಿ ಹುಲ್ಲಲ್ಲಿ ನೀರೇ ಜಾಸ್ತಿ ಇರುವುದರಿಂದ ಪೂರ್ತಿ ಹಸಿ ಹುಲ್ಲೇ ಆದರೆ ಇಪ್ಪತ್ತು ಕಿಲೋ ಹತ್ತಿರ ಹೋಗುತ್ತೆ.

ಈಗ ನಮ್ಮ ಮನೆಯಲ್ಲಿ ನಡೆಯುವುದು ಇದು. ಅರ್ಧ ಗರಿಕೆ, ಅರ್ಧ ಹುಣಸೂರು ಕಡೆಯಿಂದ ತರಿಸುವ ರಾಗಿ ಹುಲ್ಲು. ರಾಗಿ ಹುಲ್ಲನ್ನು ಸಣ್ಣಗೆ ಕತ್ತರಿಸಿ ನೀರು ಚಿಮುಕಿಸಿ ಹಾಕುತ್ತೇನೆ. ಕೈಯಲ್ಲಿ ದುಡ್ಡಿದ್ದ ವಾರ ಸ್ವಲ್ಪ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಹುರುಳಿ ಮತ್ತೆ ಬಂದಿದೆ, ಚೆನ್ನಾಗಿ ಬೇಯಿಸಿ, ಅದೂ ಮೊದಲಿನ ಅರ್ಧದಷ್ಟು ಮಾತ್ರ, ಮೂರು ಹೊತ್ತಿಗೆ ಹಂಚಿ. ರೇಸ್ ಕುದುರೆಗಳಿಗೆ ಹಾಕುವ ಓಟ್ಸ್ ನಮ್ಮಂಥವರಿಗೆ ಎಲ್ಲಿ ಬರಬೇಕು? ಎರಡು ಚಮಚ ಕಲ್ಲುಪ್ಪು. ಯಾವಾಗಲೂ ಮುಂದೆ ನೀರಿನ ಬಕೆಟ್ಟು. ದಿನಕ್ಕೆ 25 ಲೀಟರಿಗೆ ಕಮ್ಮಿ ಇಲ್ಲದೆ ಕುಡಿಯುತ್ತಾಳೆ, ಬಿಸಿಲಲ್ಲಿ ದುಡಿದ ದಿನ ಇನ್ನೂ ಜಾಸ್ತಿ. ಏನೇ ಹೊಸದು ಹಾಕಬೇಕಾದರೂ ಹತ್ತು ದಿನ ಹಿಡಿದು, ಹಳೆಯದನ್ನು ಹಿಡಿಹಿಡಿಯಾಗಿ ಕಡಿಮೆ ಮಾಡುತ್ತಾ ಹೋಗುತ್ತೇನೆ. ನೆಲದ ಮೇಲೆ ಹಾಕುವುದಿಲ್ಲ, ಹುಲ್ಲಿನ ಜೊತೆ ಮರಳು ಹೊಟ್ಟೆಗೆ ಹೋಗುತ್ತೆ. ಅನುಮಾನ ಇದ್ದರೆ ಒಂದು ಉಂಡೆ ಲದ್ದಿಯನ್ನು ಗಾಜಿನ ಬಾಟಲಿಯ ನೀರಲ್ಲಿ ಕದಡಿ ಇಡಿ. ತಳದಲ್ಲಿ ಮರಳು ಕೂತರೆ ಗೊತ್ತಾಗುತ್ತೆ.

ಇದಕ್ಕೆ ಖರ್ಚು ನನ್ನ ಆ "ಉಳಿತಾಯ"ದ ದಿನಗಳಿಗಿಂತ ನಲವತ್ತು ರೂಪಾಯಿ ಜಾಸ್ತಿ. ಅಪ್ಪನ ಕಾಲದ ಖರ್ಚಿಗಿಂತ ಮೂವತ್ತು ಕಡಿಮೆ. ಹಲ್ಲು ಸರಿಯಾದ ಮೇಲೆ ಕಡಿಮೆ ಹುರುಳಿಯಲ್ಲೇ ಮೈ ತುಂಬಿಕೊಂಡಿದ್ದಾಳೆ.

ಹೊಟ್ಟೆನೋವು ಅಂತ ಗೊತ್ತಾದ ಕೂಡಲೇ ಮೇವು ತೆಗೆದುಬಿಡಿ, ನೀರು ಇರಲಿ. ನಾಡಿ ಎಣಿಸಿ, ಕೊನೆಯ ಲದ್ದಿ ಯಾವಾಗ ಹಾಕಿತು ನೋಡಿ, ಎರಡನ್ನೂ ಡಾಕ್ಟರಿಗೆ ಫೋನಿನಲ್ಲೇ ಹೇಳಿ. ನಿಧಾನವಾಗಿ ಸ್ವಲ್ಪ ಹೊತ್ತು ನಡೆಸಬಹುದು, ಗಂಟೆಗಟ್ಟಲೆ ಓಡಿಸಬೇಡಿ. ಮನೆಯಲ್ಲಿರುವ ನೋವಿನ ಮದ್ದು ಕೊಟ್ಟರೆ ನೋವು ಮುಚ್ಚಿಹೋಗುತ್ತೆ, ಒಳಗಿನದ್ದು ಹಾಗೇ ಇರುತ್ತೆ. ಪಶು ಇಲಾಖೆಯ 1962 ಸಂಖ್ಯೆ ಬರೆದಿಟ್ಟುಕೊಳ್ಳಿ. ಕುದುರೆ ನೋಡಿ ಪಳಗಿದ ಒಬ್ಬ ಡಾಕ್ಟರ ನಂಬರನ್ನು ಮಾತ್ರ ಹಗಲು ಹೊತ್ತಲ್ಲೇ, ಕುದುರೆ ಚೆನ್ನಾಗಿರುವಾಗಲೇ ಹುಡುಕಿ ಇಟ್ಟುಕೊಳ್ಳಿ. ರಾತ್ರಿ ಎರಡಕ್ಕೆ ಹುಡುಕಲು ಹೊರಟರೆ ಸಿಗುವುದು ಗೊಟ್ಟ ಹಿಡಿದ ಯಜಮಾನರೇ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಚಂದ್ರಿ ಹುಷಾರಾಗುವವರೆಗೆ ದಿನಾ ಬೆಳಿಗ್ಗೆ ಬಂದು ಅವಳ ಲಾಯ ಗುಡಿಸಿಕೊಟ್ಟು ಹೋಗುತ್ತಿದ್ದರು. ಆ ಗೊಟ್ಟವನ್ನು ಆಮೇಲೆ ನಾನು ನೋಡಿಲ್ಲ.

ಕೊನೆಯದಾಗಿ ನನ್ನದೊಂದು ಕೇಳಿಕೆ. ಮೈಸೂರಿನ ಸುತ್ತಮುತ್ತ ಯಾರಾದರೂ ಗರಿಕೆ ಹುಲ್ಲನ್ನು ಚೆನ್ನಾಗಿ ಒಣಗಿಸಿ ಮಾರುವವರಿದ್ದರೆ ತಿಳಿಸಿ. ಬೂಷ್ಟು ಹಿಡಿದಿರಬಾರದು. ಮಳೆಗಾಲ ಶುರುವಾಗುವ ಮೊದಲು ಒಂದು ಇನ್ನೂರು ಕಿಲೋ ಬೇಕು. ಇಡಲು ಜಾಗ ಇದೆ. ದುಡ್ಡು ಎರಡು ಕಂತಿನಲ್ಲಿ ಕೊಡುತ್ತೇನೆ.